ಅಮೆರಿಕದಲ್ಲಿ ಬಾಯಿಬಿಟ್ಟ ನಾದಿನಿ

2024ರ ಜನವರಿಯಲ್ಲಿ ನಾನು ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿದ್ದ ಒಂದು ಟೆಲಿವಿಷನ್ ನಿರ್ಮಾಣ ಸಂಸ್ಥೆಯಲ್ಲಿ ಫಾರ್ಮ್ಯಾಟ್ ಎಡಿಟರ್ ಆಗಿದ್ದೆ. ಟೆಲಿವಿಷನ್ ಕಂಪನಿ ಅಂದ ಕೂಡಲೇ ನದಿ ದಂಡೆಯ ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮ ಎಡಕ್ಕೆ ಬ್ರೆಡ್ ಕಾರ್ಖಾನೆ, ಬಲಕ್ಕೆ ಫ್ರೋಜನ್ ಸಮೋಸಾ ಗೋದಾಮು. ಬಾಡಿಗೆ ಕಡಿಮೆ ಎಂದು ಬಂದ ಕಂಪನಿಯವರು, ಬಂದ ಮೇಲೆ ಅದಕ್ಕೊಂದು ತತ್ವವನ್ನೂ ಕಟ್ಟಿಕೊಂಡಿದ್ದರು: ನಾವು ನಿಜವಾದ ಲಂಡನ್ನಿನ ನಡುವೆ ಕೂತು ನಿಜವಾದ ಕತೆ ಮಾಡುತ್ತೇವೆ, ಅಂತ. ನಿಜವಾದ ಲಂಡನ್ನಿನವರು ಹೊರಗೆ ಲಾರಿ ತುಂಬುತ್ತಿದ್ದರು. ಅವರಲ್ಲಿ ಒಬ್ಬರೂ ನಮ್ಮ ಬಾಗಿಲು ದಾಟಿ ಬಂದದ್ದನ್ನು ನಾನು ನೋಡಿಲ್ಲ.

ನನ್ನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಬ್ರಿಟನ್ನಿನಲ್ಲಿ ಓಡಿದ ಧಾರಾವಾಹಿಯನ್ನು ಅಮೆರಿಕದವರು ಕೊಂಡು, ತಮ್ಮ ಊರು ತಮ್ಮ ನಟರನ್ನಿಟ್ಟು ಹೊಸದಾಗಿ ಮಾಡುತ್ತಾರೆ. ಅಂದರೆ ಅವರು ಕೊಳ್ಳುವುದು ಅಡುಗೆಯನ್ನಲ್ಲ, ಮಾಡುವ ವಿಧಾನವನ್ನು. ಆ ವಿಧಾನವನ್ನು ಬರೆದಿಟ್ಟ ಪುಸ್ತಕಕ್ಕೆ ನಮ್ಮ ವೃತ್ತಿಯಲ್ಲಿ ಬೈಬಲ್ ಎನ್ನುತ್ತಾರೆ. ಪಾತ್ರಗಳು ಯಾರು, ಒಂದು ಕಂತು ಹೇಗೆ ಕಟ್ಟಿಕೊಳ್ಳುತ್ತದೆ, ಎಲ್ಲಿ ನಗು ಬರುತ್ತದೆ, ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು, ಎಲ್ಲ ಅದರಲ್ಲಿರುತ್ತದೆ. ನಾನು ಬೈಬಲ್ ಬರೆಯುವವಳು. ಧಾರವಾಡದ ಶಾಲೆಯಲ್ಲಿದ್ದಾಗಿನಿಂದ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು, ಲಂಡನ್ನಿಗೆ ಓದಲು ಬಂದ ಮೇಲೂ ಅದನ್ನೇ ಮುಂದುವರಿಸಿದವಳು. ಯಾವುದನ್ನಾದರೂ ಯಾರಿಗಾದರೂ ಒಪ್ಪಿಸಬಲ್ಲೆ ಎಂಬ ಧೈರ್ಯದ ಮೇಲೆಯೇ ನನ್ನನ್ನು ತೆಗೆದುಕೊಂಡಿದ್ದರು.

ನಮ್ಮ ಕಚೇರಿಯಲ್ಲಿ ಯಾರೂ ಪ್ರಶ್ನಿಸದ ಒಂದು ನಂಬಿಕೆಯಿತ್ತು: ಅಮೆರಿಕದವರು ನಮ್ಮದನ್ನು ಕೆಡಿಸುತ್ತಾರೆ. ನಮ್ಮ ನಾಯಕ ಸೋಲುತ್ತಾನೆ, ಅವರಲ್ಲಿ ಗೆಲ್ಲಬೇಕು. ನಮ್ಮಲ್ಲಿ ಆರು ಕಂತು, ಅವರಲ್ಲಿ ಇಪ್ಪತ್ತೆರಡು. ನಮ್ಮವರು ಮುಖ ಗಂಟು ಹಾಕಿಕೊಂಡು ಕೂರುತ್ತಾರೆ, ಅವರು ಕೊನೆಗೆ ತಬ್ಬಿಕೊಂಡು ಅಳುತ್ತಾರೆ. ಶುಕ್ರವಾರ ಸಂಜೆ ಪಬ್ಬಿನಲ್ಲಿ ಎರಡನೇ ಗ್ಲಾಸು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಇದನ್ನು ಹೊಸ ಸತ್ಯವೆಂಬಂತೆ ಹೇಳಿಯೇ ಹೇಳುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. ಹೊಸ ಧಾರಾವಾಹಿಗಳಲ್ಲಿ ಬಹುಪಾಲು ಎಲ್ಲ ದೇಶದಲ್ಲೂ ಬಿದ್ದುಹೋಗುತ್ತವೆ, ನಮ್ಮವೂ ಬೀಳುತ್ತವೆ. ಬಿದ್ದ ರೀಮೇಕ್ ಮಾತ್ರ ನಮಗೆ ನೆನಪಿರುತ್ತದೆ, ಏಕೆಂದರೆ ಬೈಯಲು ಬೇರೆ ದೇಶವೊಂದು ಸಿಕ್ಕಿರುತ್ತದೆ. ಹೀಗೆ ವಾದಿಸುತ್ತಿದ್ದೆ. "ವಿದ್ಯಾ ಶುರು ಮಾಡಿದಳು" ಎಂದು ನಕ್ಕು ಮಾತು ಬದಲಿಸುತ್ತಿದ್ದರು. ಇರಲಿ. ನಾನು ಹೇಳಹೊರಟ ಪ್ರಕರಣದಲ್ಲಿ ನನ್ನ ವಾದವೇ ಸರಿ ಎಂದು ರುಜುವಾತಾಯಿತು. ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ಆ ಧಾರಾವಾಹಿಯ ಹೆಸರು ಹೇಳುವಂತಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಅರ್ಧ ಗಂಟೆಯ ಆರು ಕಂತುಗಳ ಹಾಸ್ಯ ಧಾರಾವಾಹಿ ಅದು. ಬರೆದವರು ಲಂಡನ್ನಿನ ಪಶ್ಚಿಮ ಅಂಚಿನ ಫೆಲ್ಥಮ್‌ನ ಗಿರಿಜಕ್ಕ. ವಿಜಯಪುರದವರು, ಮದುವೆಯಾಗಿ ಬಂದು ಇಪ್ಪತ್ತೈದು ವರ್ಷದ ಮೇಲಾಗಿದೆ. ಹೀಥ್ರೋ ವಿಮಾನ ನಿಲ್ದಾಣದ ಪಕ್ಕ ವಿಮಾನಗಳಿಗೆ ಊಟದ ಟ್ರೇ ತುಂಬುವ ಒಂದು ಘಟಕದಲ್ಲಿ ಬಹಳ ಕಾಲ ದುಡಿದರು. ಆಮೇಲೆ ಸ್ಥಳೀಯ ಲೈಬ್ರರಿಯ ಬರವಣಿಗೆ ತರಗತಿಗೆ ಹೋಗಿ, ಅಲ್ಲಿಂದ ರೇಡಿಯೋ ನಾಟಕಕ್ಕೆ ಹೋಗಿ, ಐವತ್ತರ ಹತ್ತಿರ ಟೆಲಿವಿಷನ್ನಿಗೆ ಬಂದವರು. ಕಚೇರಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮೊದಲ ದಿನವೇ ಲಿಫ್ಟಿನಲ್ಲಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಧಾರವಾಡದಾಕಿ ಅಂತ? ಹಂಗಾದ್ರ ಮಾತು ಕಡಿಮಿ ಇರಾಕ ಸಾಧ್ಯಿಲ್ಲ ಬಿಡು" ಎಂದಿದ್ದರು.

ಕತೆ ಸರಳ. ಶಾಂತಾ ಎಂಬಾಕೆ ವಿಮಾನದ ಊಟದ ಘಟಕದಲ್ಲಿ ಟ್ರೇ ತುಂಬುತ್ತಾಳೆ. ವಿಜಯಪುರದ ಅತ್ತೆಮನೆಗೆ ಮಾತ್ರ ತಾನು ವಿಮಾನ ನಿಲ್ದಾಣದಲ್ಲಿ ಆಫೀಸರ್ ಎಂದು ಹೇಳಿದ್ದಾಳೆ. ಗಂಡನ ತಂಗಿ ಊರಿನಿಂದ ಆರು ವಾರ ಇರಲು ಬರುತ್ತಾಳೆ. ಶಾಂತಾ ದಿನಾ ಬ್ಲೇಜರ್ ತೊಟ್ಟು ಹೊರಡುತ್ತಾಳೆ, ಘಟಕಕ್ಕೆ ಹೋಗಿ ತಲೆಗೆ ಜಾಳಿಗೆ ಟೊಪ್ಪಿಗೆ, ಕಾಲಿಗೆ ಗಮ್‌ಬೂಟು ಹಾಕಿಕೊಳ್ಳುತ್ತಾಳೆ. ಮೊದಲ ಕಂತಿನ ಕೊನೆಯಲ್ಲಿ, ಕೊತ್ತಂಬರಿ ತರಲು ಹೊರಟ ನಾದಿನಿ ದಾರಿಯಲ್ಲಿ ಅವಳನ್ನು ಅದೇ ವೇಷದಲ್ಲಿ ನೋಡಿಬಿಡುತ್ತಾಳೆ. ನೋಡಿದ್ದು ಶಾಂತಾಗೂ ಗೊತ್ತಾಗುತ್ತದೆ. ಸಂಜೆ ಶಾಂತಾ ಮತ್ತೆ ಬ್ಲೇಜರ್ ತೊಟ್ಟು ಮನೆಗೆ ಬರುತ್ತಾಳೆ. ನಾದಿನಿ ಒಂದು ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ಅವಳ ಕಾಲ ಬಳಿ ಇಟ್ಟು, "ಕುಂತು ಕೆಲಸ ಮಾಡಿದ್ರೂ ಕಾಲಿಗೆ ಬಾವು ಬರ್ತೈತಂತ, ನಮ್ಮ ಡಾಕ್ಟ್ರು ಹೇಳತಿದ್ರು" ಎನ್ನುತ್ತಾಳೆ. ಅಷ್ಟೇ. ಉಳಿದ ಐದು ಕಂತಿನಲ್ಲಿ ಆ ವಿಷಯ ಒಮ್ಮೆಯೂ ಬರುವುದಿಲ್ಲ. ಬದಲಿಗೆ ನಾದಿನಿ ಊರಿಗೆ ಫೋನು ಮಾಡಿದಾಗಲೆಲ್ಲ ಶಾಂತಾಳ ಹುದ್ದೆಯನ್ನು ಒಂದೊಂದು ಮೆಟ್ಟಿಲು ಏರಿಸುತ್ತಾ ಹೋಗುತ್ತಾಳೆ. ಆರನೇ ಕಂತಿನ ಹೊತ್ತಿಗೆ ಹೀಥ್ರೋದಲ್ಲಿ ಯಾವ ವಿಮಾನ ಏಳಬೇಕು ಯಾವುದು ಇಳಿಯಬೇಕು ಎಂಬುದನ್ನು ವೈನಿಯೇ ತೀರ್ಮಾನಿಸುತ್ತಾಳೆ ಎಂಬಲ್ಲಿಗೆ ಬಂದಿರುತ್ತದೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ಇದು ಪ್ರೀತಿಯೋ ಕುಹಕವೋ ಶಾಂತಾಗೆ ಗೊತ್ತಾಗುವುದಿಲ್ಲ, ನೋಡುವವರಿಗೂ ಗೊತ್ತಾಗುವುದಿಲ್ಲ. ನಗುವೆಲ್ಲ ಅಲ್ಲೇ ಇದೆ.

ಉತ್ತರ ಕರ್ನಾಟಕದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯವರ ಮುಜುಗರವೊಂದು ಕಣ್ಣಿಗೆ ಬಿದ್ದರೆ ನಾವು ಅದನ್ನು ಆಡುವುದಿಲ್ಲ. ಇನ್ನೊಂದು ರೊಟ್ಟಿ ಹಾಕುತ್ತೇವೆ. "ನಾ ನೋಡಿದೆ" ಎಂದು ಬಾಯಲ್ಲಿ ಹೇಳುವುದು ಅಲ್ಲಿ ಸಮಾಧಾನವಲ್ಲ, ಹೊಡೆತ.

ಬೈಬಲ್ ಬರೆಯಲು ಕೂತಾಗ ಗಿರಿಜಕ್ಕ ನನ್ನನ್ನು ಫೆಲ್ಥಮ್‌ಗೆ ಊಟಕ್ಕೆ ಕರೆದರು. ವಿಮಾನವೊಂದು ತಲೆಯ ಮೇಲೆ ಹಾದುಹೋಗುವಾಗಲೆಲ್ಲ ಮಾತು ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸುವುದು ಆ ಮನೆಯವರಿಗೆಲ್ಲ ರೂಢಿ. ಆವತ್ತು ಅವರು ಹೇಳಿದ್ದು ಕಚೇರಿಯಲ್ಲಿ ಯಾರಿಗೂ ಗೊತ್ತಿರದ ಮಾತು. ಶಾಂತಾ ಅವರೇ. ನಾದಿನಿ ಕಸ್ತೂರಿ ಎಂಬ ನಿಜವಾದ ಹೆಂಗಸು, ವಿಜಯಪುರದಲ್ಲಿದ್ದಾಳೆ. ಜಾಳಿಗೆ ಟೊಪ್ಪಿಗೆ, ಬಿಸಿನೀರು, ಎಲ್ಲ ನಡೆದದ್ದು.

"ಇಪ್ಪತ್ತು ವರ್ಷ ಆತು ತಂಗಿ. ಅಕಿ ಒಂದಿನಾ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ನಮ್ಮ ಅತ್ತಿ ಸಾಯೂತನಕ ನಾ ಆಫೀಸರ್ ಅಂತ ತಿಳ್ಕೊಂಡ ಹೋದ್ಲು. ಅದು ಕಸ್ತೂರಿ ಮಾಡಿದ ಉಪಕಾರ."

"ಮತ್ತ ಧಾರಾವಾಹಿ ಅವ್ರು ನೋಡಿದ್ರೇನ್ರಿ?"

"ನನ್ನ ಮಗ ಲಿಂಕ್ ಕಳಿಸಿದ್ದ. ಆರೂ ಕಂತು ನೋಡ್ಯಾಳ. ಫೋನ್ ಮಾಡಿ ಏನಂದ್ಲು ಗೊತ್ತೇನು? ವೈನಿ, ಚೊಲೊ ಮಾಡೀದಿ, ಆದರ ಆ ನಾದಿನಿ ಪಾತ್ರ ಮಾಡಿದಾಕಿ ಭಾಳ ದಪ್ಪ ಅದಾಳ ಬಿಡು, ಅಂದ್ಲು."

ಗಿರಿಜಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತನ್ನದೇ ಕತೆ ಪರದೆಯ ಮೇಲೆ ಬಂದಾಗಲೂ ಆ ಹೆಂಗಸು ಸುಳಿವು ಬಿಟ್ಟುಕೊಟ್ಟಿರಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: "ಅಮೆರಿಕಾದವರು ಊರು ಬದಲಿ ಮಾಡ್ಲಿ, ಜಾತಿ ಬದಲಿ ಮಾಡ್ಲಿ, ಬೇಕಾದ್ರ ಶಾಂತಾನ್ನ ಗಂಡಸ ಮಾಡ್ಲಿ. ನಾದಿನಿ ಬಾಯಿ ಬಿಡಬಾರದು. ಅದೊಂದ ನೋಡ್ಕೊ. ಅಕಿ ಹಂಗ ಅಂದ್ಲು ಅಂತ ಜಗತ್ತಿಗೆ ತೋರ್ಸಿದ್ರ ನಾ ಅಕಿಗೆ ಮಾರಿ ತೋರ್ಸಂಗಿಲ್ಲ."

ಅಮೆರಿಕದ ಚಾನೆಲ್ ಒಂದು ಆಸಕ್ತಿ ತೋರಿಸಿದ್ದು ಆ ವರ್ಷದ ವಸಂತದಲ್ಲಿ. ನಮ್ಮ ಕಡೆಯಿಂದ ಮಾರಾಟ ನೋಡುತ್ತಿದ್ದವನು ನೀಲ್, ಫಾರ್ಮ್ಯಾಟ್ ವಿಭಾಗದ ಮುಖ್ಯಸ್ಥ. ಕೆಟ್ಟವನಲ್ಲ. ಹುಟ್ಟುಹಬ್ಬ ನೆನಪಿಟ್ಟುಕೊಳ್ಳುವ, ಮೀಟಿಂಗಿಗೆ ಬಿಸ್ಕತ್ತು ತರುವ ಮನುಷ್ಯ. ಸಭೆಯಲ್ಲಿ ಗಿರಿಜಕ್ಕ ತಮ್ಮ ಒಂದೇ ಷರತ್ತನ್ನು ಇಂಗ್ಲಿಷಿನಲ್ಲಿ ಹೇಳಿದರು. ನೀಲ್ ಬರೆದುಕೊಂಡ. "ಖಂಡಿತ, ಅದು ಈ ಷೋನ ಉಸಿರು" ಎಂದ. ಒಪ್ಪಂದದಲ್ಲಿ ಗಿರಿಜಕ್ಕನಿಗೆ ಸಿಕ್ಕಿದ್ದು ಕನ್ಸಲ್ಟೇಷನ್ ಹಕ್ಕು, ಅಪ್ರೂವಲ್ ಅಲ್ಲ. ವ್ಯತ್ಯಾಸ ಇಷ್ಟೇ: ಅಪ್ರೂವಲ್ ಇದ್ದರೆ ನಿಮ್ಮ ಒಪ್ಪಿಗೆ ಬೇಕು, ಕನ್ಸಲ್ಟೇಷನ್ ಇದ್ದರೆ ನಿಮಗೆ ತಿಳಿಸಿದರೆ ಸಾಕು. ಹೊಸ ಬರಹಗಾರರಿಗೆ ಯಾರೂ ಅಪ್ರೂವಲ್ ಕೊಡುವುದಿಲ್ಲ.

ಬೈಬಲ್‌ನಲ್ಲಿ ನಾನು ಆ ಮೌನಕ್ಕೆ ಎರಡು ಪುಟ ಕೊಟ್ಟೆ. ಮುಟ್ಟಬಾರದ್ದು ಎಂಬ ವಿಭಾಗದಲ್ಲಿ ಇದ್ದದ್ದು ಅದೊಂದೇ. ನೀಲ್ ಓದಿ, "ಬಹಳ ಚೆನ್ನಾಗಿದೆ, ಆದರೆ ವಕೀಲರು ಬರೆದ ಹಾಗಿದೆ" ಎಂದ. "ಇಷ್ಟು ಸಮರ್ಥನೆ ನೋಡಿದರೆ ಕೊಳ್ಳುವವನಿಗೆ ಇಲ್ಲೇನೋ ತೊಂದರೆಯಿದೆ ಅನಿಸುತ್ತದೆ. ಅಂತಿಮ ಪ್ರತಿಯನ್ನು ನಾನು ಸರಿಮಾಡುತ್ತೇನೆ." ಸರಿಮಾಡುತ್ತೇನೆ ಅಂದರೆ ಚಿಕ್ಕದು ಮಾಡುತ್ತಾನೆ ಎಂದು ನಾನು ತಿಳಿದೆ. ಮರುವಾರ ನನ್ನನ್ನು ಮನೆ ರಿಪೇರಿಯ ಸ್ಪರ್ಧಾ ಕಾರ್ಯಕ್ರಮವೊಂದಕ್ಕೆ ಹಾಕಿದರು. ಮಾರಾಟವಾಯಿತು ಎಂದು ಜೂನ್‌ನಲ್ಲಿ ಕೇಕ್ ಕತ್ತರಿಸಿದರು, ನಾನೂ ತಿಂದೆ.

ಪೈಲಟ್ ಅಂದರೆ ಮಾದರಿ ಕಂತು. ಅದರ ಸ್ಕ್ರಿಪ್ಟ್ ಅಕ್ಟೋಬರ್‌ನಲ್ಲಿ ಲಂಡನ್ನಿಗೆ ಬಂತು. ಕುಟುಂಬ ಫಿಲಿಪೀನ್ಸ್ ಮೂಲದ್ದಾಗಿತ್ತು, ಊರು ಹ್ಯೂಸ್ಟನ್. ಗಿರಿಜಕ್ಕ ಅದಕ್ಕೆ ತಕರಾರು ಮಾಡಲಿಲ್ಲ: "ಅವರಿಗೂ ನಾದಿನೇರು ಇರ್ತಾರ." ಹಾಸ್ಯ ಚೆನ್ನಾಗಿತ್ತು, ಕೆಲವು ಕಡೆ ನಮ್ಮದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲೇಬೇಕು. ಕೊನೆಯ ದೃಶ್ಯದಲ್ಲಿ ನಾದಿನಿ ಬಿಸಿನೀರಿನ ಬೋಗುಣಿ ಇಡುತ್ತಾಳೆ. ಇಟ್ಟು, ಶಾಂತಾಳ ಸ್ಥಾನದಲ್ಲಿರುವವಳ ಕೈ ಹಿಡಿದು, "ನಾನು ಇವತ್ತು ನಿನ್ನನ್ನು ನೋಡಿದೆ. ನನ್ನ ಮುಂದೆ ನೀನು ನಾಟಕ ಮಾಡಬೇಕಿಲ್ಲ" ಎನ್ನುತ್ತಾಳೆ. ಇಬ್ಬರೂ ಅಳುತ್ತಾರೆ. ತಬ್ಬಿಕೊಳ್ಳುತ್ತಾರೆ.

ಕಚೇರಿಯಲ್ಲಿ ಓದಿದವರೆಲ್ಲ ಒಂದು ನಿಟ್ಟುಸಿರು ಬಿಟ್ಟು ಒಂದೇ ಪದ ಹೇಳಿದರು: "ಅಮೆರಿಕನ್ಸ್." ನೀಲ್ ಗಿರಿಜಕ್ಕನಿಗೆ ಫೋನಿನಲ್ಲಿ, "ಚಾನೆಲ್‌ನವರ ಭಾವನೆ ಹಾಗಿದೆ. ಅವರಿಗೆ ಭಾವನಾತ್ಮಕ ಮುಕ್ತಾಯ ಬೇಕು. ನಾನೂ ನೊಂದಿದ್ದೇನೆ" ಎಂದನಂತೆ.

ಗಿರಿಜಕ್ಕ ನನಗೆ ಫೋನು ಮಾಡಿದರು. "ಏ ತಂಗಿ, ವಾದ ಮಾಡಿ ಕಪ್ ಗೆದ್ದೀನಿ ಅಂತಿದ್ದೆಲ್ಲ. ಈಗ ಮಾಡು."

"ಅಕ್ಕಾರ, ತಿಳಿಸಿದ್ರ ಸಾಕು ಅಂತ ಒಪ್ಪಂದದಾಗ ಐತ್ರಿ."

"ಅವರು ತಿಳಸ್ಯಾರ. ನೀನೂ ಅವರಿಗೆ ತಿಳಸು."

ಕನ್ಸಲ್ಟೇಷನ್ ಕರೆ ಎಂದು ಒಂದು ಇರುತ್ತದೆ. ಒಪ್ಪಂದದ ಮರ್ಯಾದೆಗೆ ಮಾಡುವ ವಿಡಿಯೋ ಸಂಭಾಷಣೆ. ಮೂಲ ಬರಹಗಾರರು ಮಾತಾಡುತ್ತಾರೆ, ಆಚೆಯವರು ತಲೆಯಾಡಿಸುತ್ತಾರೆ, ಮುಗಿಯಿತು. ಗಿರಿಜಕ್ಕ ತಮ್ಮ ಪರವಾಗಿ ನಾನು ಮಾತಾಡಬೇಕೆಂದು ಹಟ ಹಿಡಿದರು. ನೀಲ್‌ಗೆ ಇಷ್ಟವಿರಲಿಲ್ಲ, ಬೇಡ ಎನ್ನಲು ಕಾರಣವೂ ಇರಲಿಲ್ಲ. ಆಚೆ ಬದಿಯಲ್ಲಿ ಇದ್ದವಳು ಡೆನೀಸ್, ಅಮೆರಿಕದ ಆವೃತ್ತಿಯ ಷೋರನ್ನರ್. ಅಂದರೆ ಬರಹಗಾರರ ತಂಡವನ್ನೂ ಚಿತ್ರೀಕರಣವನ್ನೂ ನಡೆಸುವ ಯಜಮಾನಿ. ತಾನು ನಮ್ಮ ಆರು ಕಂತುಗಳನ್ನು ನೋಡಿಲ್ಲ, ನೋಡಿದರೆ ಗೊತ್ತಿಲ್ಲದೆ ನಕಲು ಮಾಡಿಬಿಡುತ್ತೇನೆ, ಅದಕ್ಕೇ ಬೈಬಲ್ ಮಾತ್ರ ಓದಿ ಕೆಲಸ ಮಾಡಿದೆ ಎಂದು ಅವಳು ಮೊದಲೇ ತಿಳಿಸಿದ್ದಳು. ನಮ್ಮ ಕಚೇರಿಯವರು ಅದನ್ನೂ ಅಹಂಕಾರ ಎಂದರು. ಆ ದೇಶದಲ್ಲಿ ಬಹಳ ಜನ ಹಾಗೆಯೇ ಕೆಲಸ ಮಾಡುತ್ತಾರೆ.

ಲಂಡನ್ನಿನ ಸಂಜೆ ಐದಕ್ಕೆ ಕರೆ. ಪರದೆಯ ಮೇಲೆ ನಾಲ್ಕು ಚೌಕ: ಡೆನೀಸ್, ನೀಲ್, ಗಿರಿಜಕ್ಕ, ನಾನು. ನನ್ನ ಜೀವನದ ಅತ್ಯುತ್ತಮ ಆರು ನಿಮಿಷ ಮಾತಾಡಿದೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ನಾದಿನಿ ಬಾಯಿಬಿಟ್ಟರೆ ಎರಡನೇ ಕಂತಿಗೆ ಏನು ಉಳಿಯುತ್ತದೆ ಎಂದು ಕೇಳಿದೆ. ಪ್ರೀತಿಯೋ ಕುಹಕವೋ ಎಂಬ ಅನುಮಾನವೇ ಈ ಯಂತ್ರದ ಮೋಟಾರು, ಮೊದಲ ಕಂತಿನಲ್ಲೇ ಅದನ್ನು ನಿಲ್ಲಿಸಿ ಉಳಿದದ್ದನ್ನು ಕೈಯಿಂದ ತಳ್ಳುತ್ತೀರಾ ಎಂದೆ. ನಿಮ್ಮ ಪ್ರೇಕ್ಷಕರಿಗೆ ಇದು ಅರ್ಥವಾಗದು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಪ್ರೇಕ್ಷಕರಿಗೇ ಅವಮಾನ ಎಂದೂ ಸೇರಿಸಿದೆ.

ಡೆನೀಸ್ ತಲೆಯಾಡಿಸಲಿಲ್ಲ. ಹಣೆ ಸುಕ್ಕು ಮಾಡಿಕೊಂಡು ಕೇಳುತ್ತಿದ್ದಳು. ಕೊನೆಗೆ, "ಒಂದು ನಿಮಿಷ. ನನಗೆ ಗೊಂದಲವಾಗುತ್ತಿದೆ. ನೀವು ನಿಮ್ಮದೇ ದೃಶ್ಯದ ವಿರುದ್ಧ ಮಾತಾಡುತ್ತಿದ್ದೀರಲ್ಲ" ಎಂದಳು.

"ನಮ್ಮ ದೃಶ್ಯ ಅಲ್ಲ."

"ನಿಮ್ಮ ಬೈಬಲ್‌ನಲ್ಲಿದೆ. ಮೊದಲ ಕಂತಿನ ಕೊನೆ: ಅವಳು ನೋಡಿದ್ದನ್ನು ಹೇಳುತ್ತಾಳೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಇದೇ ಷೋನ ಹೃದಯ, ಇದನ್ನು ಬದಲಿಸಬೇಡಿ ಅಂತ ಬರೆದಿದ್ದೀರಿ. ನಿಜ ಹೇಳುತ್ತೇನೆ, ಓದಿದಾಗ ನನಗೆ ಅದು ಸಪ್ಪೆ ಅನಿಸಿತು. ಹೇಳದೆ ಬಿಟ್ಟರೆ ಚೆನ್ನ ಅಂತ ನನ್ನ ಬರಹಗಾರರ ತಂಡದಲ್ಲೇ ಇಬ್ಬರು ಹೇಳಿದರು. ಬೇಡ, ಮಾರಿದವರು ಹೃದಯ ಅನ್ನುತ್ತಿದ್ದಾರೆ, ಮುಟ್ಟುವುದು ಬೇಡ ಅಂತ ನಾನೇ ತಡೆದೆ."

ನೀಲ್‌ನ ಚೌಕದಲ್ಲಿ ನೀಲ್ ಕೆಳಗೆ ನೋಡುತ್ತಿದ್ದ. ಇಷ್ಟು ವರ್ಷ ವೇದಿಕೆಯ ಮೇಲೆ ನಿಂತಿದ್ದೇನೆ, ಎದುರು ಪಕ್ಷದವರು ಎದ್ದು ನಿಂತು ನಾವು ನಿಮ್ಮ ಜೊತೆಗಿದ್ದೇವೆ ಎಂದದ್ದು ಅದೇ ಮೊದಲು.

"ಈಗ ಬದಲಿಸಬಹುದೇ?" ಎಂದು ಕೇಳಿದೆ.

"ಚಾನೆಲ್ ಒಪ್ಪಿಗೆ ಕೊಟ್ಟಿರುವುದು ಈ ಸ್ಕ್ರಿಪ್ಟಿಗೆ. ನಾಯಕಿ ಸಹಿ ಹಾಕಿದ್ದೇ ಆ ದೃಶ್ಯ ಓದಿ. ಮುಂದಿನ ವಾರ ಚಿತ್ರೀಕರಣ. ಎರಡೂ ರೀತಿ ತೆಗೆಯುತ್ತೇನೆ, ಅದಕ್ಕಿಂತ ಹೆಚ್ಚು ಮಾತು ಕೊಡಲಾರೆ." ಆಮೇಲೆ ಗಿರಿಜಕ್ಕನ ಕಡೆ ತಿರುಗಿದಳು, ಪರದೆಯಲ್ಲಿ ಎಷ್ಟು ತಿರುಗಬಹುದೋ ಅಷ್ಟು. "ಕ್ಷಮಿಸಿ. ನೀವೇ ಕೇಳಿದ್ದು ಅಂತ ತಿಳಿದಿದ್ದೆ."

ಕರೆ ಮುಗಿದ ಮೇಲೆ ನೀಲ್‌ನ ಮೇಜಿಗೆ ಹೋದೆ. ನನ್ನ ಎರಡು ಪುಟ ತೆಗೆದು ಅಪ್ಪುಗೆಯ ದೃಶ್ಯ ಬರೆದದ್ದು ತಾನೇ ಎಂಬುದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವನು ಮಾಡಲಿಲ್ಲ.

"ಅವರು ಹೇಗಿದ್ದರೂ ಕೇಳುತ್ತಿದ್ದರು, ವಿದ್ಯಾ. ನಾದಿನಿ ಯಾಕೆ ಹೇಳುವುದಿಲ್ಲ ಅಂತ. ಅದಕ್ಕೆ ಮೊದಲೇ ಉತ್ತರ ಕೊಟ್ಟೆ."

"ಕೇಳಿದರೇ?"

"ಯಾವಾಗಲೂ ಕೇಳುತ್ತಾರೆ."

"ಈ ಸಲ ಕೇಳಿದರೇ, ಅಂದೆ."

"ಕೇಳುವ ಹಂತಕ್ಕೆ ಬಿಡಲಿಲ್ಲ. ಅದೇ ನನ್ನ ಕೆಲಸ."

"ಚಾನೆಲ್‌ನವರ ಭಾವನೆ ಅಂತ ಗಿರಿಜಕ್ಕನಿಗೆ ಹೇಳಿದಿರಲ್ಲ."

"ಆಗಿರುತ್ತಿತ್ತು. ನೋಡು, ನಿನ್ನ ಎರಡು ಪುಟ ಇಟ್ಟಿದ್ದರೆ ಅವರು ಮೂರನೇ ಪುಟ ತಿರುಗಿಸುತ್ತಿರಲಿಲ್ಲ. ಇವತ್ತು ಅವಳು ಸಪ್ಪೆ ಅನ್ನುತ್ತಾಳೆ, ಕೊಂಡ ಮೇಲೆ ಅನ್ನುವುದು ಸುಲಭ. ಇಲ್ಲ ಅಂತ ನೀನು ಸಾಧಿಸು."

ಸಾಧಿಸಲು ಬರುವುದಿಲ್ಲ. ಅದೇ ಅವನ ವಾದದ ಬಲ, ಅದೇ ಅದರ ಮೋಸ. ನಡೆಯದೇ ಹೋದದ್ದನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದರೆ ಯಾರೂ ಅದನ್ನು ಅಡ್ಡಪ್ರಶ್ನೆ ಮಾಡಲಾರರು. ಎದುರಾಳಿ ಏಳುವ ಮೊದಲೇ ಅವನ ಆಕ್ಷೇಪಕ್ಕೆ ಉತ್ತರ ಕೊಡುವುದು ಚರ್ಚೆಯಲ್ಲಿ ಒಂದು ಮೆಚ್ಚುಗೆಯ ತಂತ್ರ, ಅಂಕ ಸಿಗುತ್ತದೆ. ಆದರೆ ಅಲ್ಲಿ ಎದುರಾಳಿ ಮೂರು ಅಡಿ ದೂರದಲ್ಲಿ ಕೂತಿರುತ್ತಾನೆ. ನಾನು ಹಾಗಂದೇ ಇಲ್ಲ ಎಂದು ಎದ್ದು ನಿಲ್ಲುತ್ತಾನೆ. ನೀಲ್‌ನ ಎದುರಾಳಿ ಸಮುದ್ರದ ಆಚೆ ಇದ್ದ. ಅವನ ಬಾಯಿಗೆ ಏನು ಬೇಕಾದರೂ ತುಂಬಬಹುದಿತ್ತು. ಕಚೇರಿಯ ಎಲ್ಲರೂ ಎಷ್ಟೋ ವರ್ಷದಿಂದ ಶುಕ್ರವಾರ ಶುಕ್ರವಾರ ತುಂಬುತ್ತಲೇ ಬಂದಿದ್ದರು.

ಶನಿವಾರ ಫೆಲ್ಥಮ್‌ಗೆ ಹೋದೆ. ಗಿರಿಜಕ್ಕ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನೀಲ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವನಿಗೆ ಅನುಕೂಲವಾದ ಮಾತುಗಳನ್ನೂ ಹೇಳಿದೆ.

"ಅಮೆರಿಕಾದವರು ಮಾಡ್ಯಾರ ಅಂದಿದ್ರ ಬೈಯಾಕ ಬರ್ತಿತ್ತು," ಎಂದರು. "ಅವರು ದೂರದವರು. ಇವ ನನ್ನ ಮನಿಗೆ ಬಂದು ರೊಟ್ಟಿ ತಿಂದು ಹೋಗ್ಯಾನ."

"ಡೆನೀಸ್ ಎರಡೂ ತೆಗೀತೀನಿ ಅಂದಾಳ್ರಿ."

"ಅಂಗಡ್ಯಾಗ ಎರಡು ಸೀರಿ ಮುಂದ ಇಟ್ಟು, ಇದ ಚೊಲೊ ಅಂತ ಮದಲ ಹೇಳಿಬಿಟ್ಟಾರ. ಇನ್ನೊಂದು ಯಾರು ಬಿಚ್ಚಿ ನೋಡ್ತಾರ?"

"ಕಸ್ತೂರಿ ಅವ್ರಿಗೆ ಮದಲ ಹೇಳಿಬಿಡ್ರಿ. ಇದು ನಿಮ್ಮದಲ್ಲ ಅಂತ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ನಾನೆಷ್ಟು ಇಂಗ್ಲಿಷಿನವಳಾಗಿದ್ದೇನೆ ಎಂಬುದು ಗೊತ್ತಾಯಿತು. "ಏನಂತ ಹೇಳ್ಲಿ? ನೀ ನೋಡಿ ಸುಮ್ಮನಿದ್ದದ್ದು ನನಗ ಗೊತ್ತಿತ್ತು, ಈಗ ಇವರು ನೀ ಸುಮ್ಮನಿರಲಿಲ್ಲ ಅಂತ ತೋರಸ್ತಾರ, ಅಂತನಾ? ಹೇಳಿದ್ರ ನಾನ ಮುರಿದಂಗ ಆತಲ್ಲ."

ಅವರೆಂದದ್ದೇ ಆಯಿತು. ಡೆನೀಸ್ ಮಾತು ಉಳಿಸಿಕೊಂಡು ಎರಡೂ ರೀತಿ ಚಿತ್ರೀಕರಿಸಿದಳು. ಚಾನೆಲ್ ಅಪ್ಪುಗೆಯದನ್ನು ಆರಿಸಿತು. ಒಪ್ಪಿಗೆ ಕೊಟ್ಟದ್ದೇ ಅದಕ್ಕೆ, ಅವರ ಪ್ರಕಾರ ಮೂಲ ಲೇಖಕಿ ಒತ್ತಾಯಿಸಿದ್ದೂ ಅದನ್ನೇ. "ನೋಡಿದೆಯಾ, ಕೊನೆಗೂ ಅವರಿಗೆ ಬೇಕಾಗಿದ್ದು ಅದೇ" ಎಂದು ನೀಲ್ ನನಗೆ ಹೇಳಿದ. ಏನು ಬೇಕು ಎಂಬುದನ್ನು ಅವರಿಗೆ ಕಲಿಸಿದವರೇ ನಾವು ಎಂದೆ. ಅವನು ಬಿಸ್ಕತ್ತಿನ ಡಬ್ಬ ನನ್ನ ಕಡೆ ಸರಿಸಿದ.

ಅಮೆರಿಕದ ಆವೃತ್ತಿ ಒಂದು ಸೀಸನ್ ಓಡಿ ನಿಂತಿತು. ಎರಡನೇ ಕಂತಿನಿಂದಲೇ ಹಿಡಿಯಲು ಏನೂ ಇಲ್ಲವೆಂದು ವಿಮರ್ಶಕರು ಬರೆದರು. ಪಬ್ಬಿನಲ್ಲಿ ನಮ್ಮವರು ಗ್ಲಾಸು ಎತ್ತಿ ಅದೇ ಹಳೆಯ ಮಾತಾಡಿದರು. ಸತ್ಯ ಗೊತ್ತಿದ್ದವರು ಆ ಮೇಜಿನಲ್ಲಿ ಇಬ್ಬರಿದ್ದೆವು, ಒಬ್ಬ ಗ್ಲಾಸು ಎತ್ತಿದ. ನಾನು ಎದ್ದು ಹೋದೆ; ಅದಾಗಿ ಎರಡು ತಿಂಗಳಿಗೆ ಕಂಪನಿಯನ್ನೂ ಬಿಟ್ಟೆ.

ಆದರೆ ಅಮೆರಿಕದ್ದು ಅಂದ ಮೇಲೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಆರು ಕಂತು ಬ್ರಿಟನ್ನಿನ ಆಚೆ ಎಲ್ಲೂ ಹೋಗಿರಲಿಲ್ಲ; ಮಗ ಕಳಿಸಿದ ಲಿಂಕ್ ಇಲ್ಲದಿದ್ದರೆ ಕಸ್ತೂರಿ ನೋಡುತ್ತಲೂ ಇರಲಿಲ್ಲ. ಅಮೆರಿಕದ್ದು ಹಿಂದಿ ಡಬ್ಬಿಂಗ್ ಹೊತ್ತು ಭಾರತದ ಮನೆಮನೆಗೆ ಬಂತು. ವಿಜಯಪುರದಲ್ಲಿ ಕಸ್ತೂರಿಯ ಮನೆಯವರು ರಾತ್ರಿ ಊಟ ಮಾಡುತ್ತಾ ಅದನ್ನು ಹಾಕಿಕೊಂಡರು. ಶುರುವಿನಲ್ಲೇ ಗಿರಿಜಕ್ಕನ ಹೆಸರು. ಫಿಲಿಪೀನ್ಸೋ ಹ್ಯೂಸ್ಟನ್ನೋ, ಲಂಡನ್ನಿನ ಆಫೀಸರ್ ಅತ್ತೆಯ ಕತೆಯನ್ನು ಬಾಲ್ಯದಿಂದ ಕೇಳಿದ ಮಕ್ಕಳಿಗೆ ತಾಳೆ ಹಾಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕಸ್ತೂರಿಯ ಸೊಸೆ ಎಲ್ಲರ ಮುಂದೆ, "ಅತ್ತಿ, ಅಕಿ ನೀವೇನ್ರಿ? ಎಲ್ಲಾ ಗೊತ್ತಿತ್ತೇನ್ರಿ ನಿಮಗ?" ಎಂದು ಕೇಳಿದಳಂತೆ.

ಮರುದಿನ ಕಸ್ತೂರಿಯಿಂದ ಬಂದ ಫೋನಿನ ವಿಷಯ ಗಿರಿಜಕ್ಕ ನನಗೆ ಹೇಳಿದ್ದು ಲಂಡನ್ನಿನ ಕೆಂಟನ್‌ನಲ್ಲಿ, ಪರಿಚಯದವರ ಮನೆಯ ನಾಮಕರಣದ ಊಟದ ಸಾಲಿನಲ್ಲಿ ನಿಂತಾಗ. ಸುತ್ತ ಬೆಂಗಳೂರಿನ ಕನ್ನಡ, ಮಕ್ಕಳ ಇಂಗ್ಲಿಷು. ದನಿ ತಗ್ಗಿಸಿ ಹೇಳಿದರು.

"ವೈನಿ, ನಾ ನಿನ್ನ ಆ ಟೊಪ್ಪಿಗ್ಯಾಗ ನೋಡಿದ್ದೆ, ಖರೆ. ಆದರ ಒಂದ ದಿನಾ ಅಂದೀನೇನು? ಅಂತ ಕೇಳಿದ್ಲು. ಇಲ್ಲ ಅಂದೆ. ಮತ್ತ ನನ್ನ್ಯಾಕ ಹಂಗ ಮಾಡಿದಿ, ಅಂದ್ಲು. ನಾ ಬರದಿಲ್ಲ ಕಸ್ತೂರಿ ಅಂದೆ. ಹೆಸರು ನಿಂದ ಐತಲ್ಲ, ಅಂದ್ಲು."

"ಈಗ ಮಾತು ಬಿಟ್ಟಾರೇನ್ರಿ?"

"ಬಿಟ್ಟಿದ್ರ ಚೊಲೊ ಇತ್ತು. ವಾರಾ ವಾರಾ ಫೋನ್ ಮಾಡ್ತಾಳ. ಯಾವತ್ತು ನೋಡಿದ್ಲು, ಯಾಕ ಸುಮ್ಮನಿದ್ಲು, ಯಾರ್ಯಾರಿಗೆ ಏನೇನು ಸುಳ್ಳ ಹೇಳಿದ್ಲು, ಎಲ್ಲಾ ಹೇಳ್ತಾಳ. ನಾ ಅಂಥಾಕಿ ಅಲ್ಲ ವೈನಿ, ಅಂತಾಳ. ಅಂಥಾಕಿ ಅಲ್ಲ ಅಂತ ತೋರ್ಸಾಕ ಎಲ್ಲಾ ಬಿಚ್ಚಿ ಹೇಳೂದ ಆಗೇತಿ ನೋಡು ಅಕಿಗೆ." ತಟ್ಟೆ ಮುಂದಕ್ಕೆ ಹಿಡಿದು ಪಲ್ಯ ಹಾಕಿಸಿಕೊಂಡರು. "ಇಪ್ಪತ್ತು ವರ್ಷ ಅಕಿ ಫೋನ್ ಬಂದ್ರ ಖುಷಿ ಆಗ್ತಿತ್ತು. ಈಗ ಗಂಟಿ ನಾಕೈದು ಸಲ ಬಾರಿಸಿದ ಮ್ಯಾಲ ಎತ್ತತೀನಿ."

ಗಿರಿಜಕ್ಕ ಈಗ ಹೊಸದೊಂದನ್ನು ಬರೆಯುತ್ತಿದ್ದಾರೆ, ಒಂದು ಪೊಲೀಸ್ ಕತೆ. ಅದರಲ್ಲಿ ಯಾರಿಗೂ ಸಂಬಂಧಿಕರಿಲ್ಲ.

ನಾನು ಈಗ ಬೇರೊಂದು ಕಂಪನಿಯಲ್ಲಿ ಅದೇ ಕೆಲಸ ಮಾಡುತ್ತೇನೆ. ಈ ಪ್ರಕರಣ ಕಲಿಸಿದ ಪಾಠ ಒಂದು ಪ್ರಶ್ನೆಯಷ್ಟೇ ಉದ್ದ. ಮೀಟಿಂಗಿನಲ್ಲಿ ಯಾರಾದರೂ "ಇದನ್ನು ಅವರು ಒಪ್ಪುವುದಿಲ್ಲ" ಎಂದರೆ, ಯಾರು, ಯಾವಾಗ, ಯಾರನ್ನು ಕೇಳಿದಿರಿ ಎನ್ನುತ್ತೇನೆ. ಅವರು ಅಮೆರಿಕದವರಿರಬಹುದು, ಪ್ರೇಕ್ಷಕರಿರಬಹುದು, ಮೇಲಿನ ಮಹಡಿಯ ಬಾಸ್ ಇರಬಹುದು. ಇದುವರೆಗೆ ನನಗೆ ಒಬ್ಬರ ಹೆಸರೂ ಸಿಕ್ಕಿಲ್ಲ. ಪ್ರಶ್ನೆ ಕೇಳಿದಾಗ ಯಾರೋ ಹಾಳೆ ತಿರುವಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ನನ್ನ ಹೊಸ ಬಾಸ್ ಕಳೆದ ತಿಂಗಳು ನನ್ನನ್ನು ಕರೆದು, ನೀನು ಕೆಲಸ ಮಾಡಲು ಕಷ್ಟದವಳು ಅಂತ ಕೆಲವರು ಹೇಳುತ್ತಿದ್ದಾರೆ ಎಂದರು. ಯಾರು ಎಂದು ಕೇಳಿದೆ. ಅದಕ್ಕೂ ಅವರು ಹೆಸರು ಹೇಳಲಿಲ್ಲ.